ಅವನನ್ನೇ ಕೇಳಬಹುದಿತ್ತು

ಜೈಭೀಮ ಠಾಣೆ ಶಹರದವರೆಗೆ ಬಂದದ್ದು ಅದು ದೂರ ಎಂಬ ಒಂದೇ ಕಾರಣಕ್ಕೆ. ಅವನ ಮನೆ ಇದ್ದದ್ದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಅಂಚಿನ ಸಾಲುಮನೆಗಳ ಒಂದು ಚಾಳಿನಲ್ಲಿ. ಚಾಳಿನ ತುಂಬ ಕಲಬುರಗಿ ಕಡೆಯವರೇ. ಒಬ್ಬರ ಮನೆಯ ಸಾರು ಹಳಸಿದರೆ ನಾಲ್ಕು ಮನೆ ಆಚೆಯವರಿಗೆ ಗೊತ್ತಾಗುವಂಥ ಜಾಗ. ಎದೆ ಹಿಂಡಿದ ಹಾಗೆ ಆಗುತ್ತದೆ, ನಿದ್ದೆ ಹತ್ತುವುದಿಲ್ಲ ಎಂದು ಸರಕಾರಿ ಆಸ್ಪತ್ರೆಗೆ ಹೋದರೆ, ಅಲ್ಲಿಯ ಡಾಕ್ಟರು ಎದೆಯ ಇಸಿಜಿ ತೆಗೆಸಿ ನೋಡಿ, ಹೃದಯಕ್ಕೆ ಏನೂ ಆಗಿಲ್ಲ, ಮನಸ್ಸಿನಲ್ಲಿ ಏನೋ ಇದೆ, ಯಾರ ಹತ್ತಿರವಾದರೂ ಕೂತು ಮಾತಾಡು ಎಂದಿದ್ದರು. ಹತ್ತಿರದ ಒಂದೆರಡು ಜಾಗ ಹೇಳಿದಾಗ ಜೈಭೀಮ ತಲೆ ಅಲ್ಲಾಡಿಸಿದ. ಕೊನೆಗೆ ಅವರು ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಟ್ರಸ್ಟು ನಡೆಸುತ್ತಿದ್ದ ಸಲಹಾ ಕೇಂದ್ರದ ವಿಳಾಸ ಕೊಟ್ಟರು.

ಕೇಂದ್ರದ ಮುಖ್ಯಸ್ಥೆ ಅಮಿತಾ ಮೇಡಂ ಮರಾಠಿಯವರು. ಮೊದಲ ದಿನ ಅವರೇ ಅವನ ಜೊತೆ ಹಿಂದಿಯಲ್ಲಿ ಮಾತಾಡಲು ನೋಡಿದರು. ಹೆಸರು, ಊರು, ಕೆಲಸ ಇಷ್ಟಕ್ಕೆ ಉತ್ತರ ಬಂತು. ಆಮೇಲೆ ಅವನು ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ಕೂತುಬಿಟ್ಟ. ಅಮಿತಾ ಹೊರಗೆ ಬಂದು ಕೇಂದ್ರದ ಇನ್ನೊಬ್ಬ ಸಲಹೆಗಾರ್ತಿ ದಿಶಾಳನ್ನು ಕರೆದರು.

"ನಿಂಗೆ ಕನ್ನಡ ಬರುತ್ತಲ್ಲಾ?"

"ಬರುತ್ತೆ," ಎಂದಳು ದಿಶಾ.

ಅದು ಸುಳ್ಳಾಗಿರಲಿಲ್ಲ. ದಿಶಾ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಜಯಶೀಲ ಉಡುಪಿಯಿಂದ ಹುಡುಗನಾಗಿದ್ದಾಗಲೇ ಬಂದು, ಈಗ ಸ್ಟೇಷನ್ನಿನ ಪೂರ್ವಕ್ಕೆ ಒಂದು ಸಣ್ಣ ಹೋಟೆಲು ಇಟ್ಟುಕೊಂಡಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಮೆಟ್ಟಿಲ ಮೇಲೆ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ. ಕನ್ನಡ ಅವಳಿಗೆ ಬಂದದ್ದು ಅಮ್ಮ ರತ್ನಾವತಿಯ ಭಜನಾ ಮಂಡಳಿಯಿಂದ, ಊಟದ ಹೊತ್ತಿನ ಧಾರಾವಾಹಿಗಳಿಂದ. ಕಲಬುರಗಿಯ ಕನ್ನಡ ಅವಳ ಕಿವಿಗೆ ಬಿದ್ದಿದ್ದರೆ ಅದು ಮನೆಗೆಲಸಕ್ಕೆ ಬರುವ ಸಾಬವ್ವನ ಬಾಯಿಂದ ಮಾತ್ರ. ಅದನ್ನೂ ಅವಳು ಗಮನಕೊಟ್ಟು ಕೇಳಿದವಳಲ್ಲ.

ಅವಳು ಒಳಗೆ ಹೋಗಿ "ನಮಸ್ಕಾರ, ನಾನು ದಿಶಾ" ಎಂದು ಕನ್ನಡದಲ್ಲಿ ಹೇಳಿದಾಗ ಜೈಭೀಮನ ಹೆಗಲು ಒಮ್ಮೆಲೇ ಸಡಿಲವಾದದ್ದು ಅವಳಿಗೆ ಕಂಡಿತು.

"ಹಿಂದಿ ಬರ್ತದ್ರಿ ಮೇಡಂ," ಎಂದ ಅವನು, ತಪ್ಪು ಒಪ್ಪಿಕೊಳ್ಳುವವನ ಹಾಗೆ. "ಕೆಲಸಕ್ಕ, ಬಜಾರಕ್ಕ ಸಾಕಾಗ್ತದ. ಇದಕ್ಕ ಸಾಲಂಗಿಲ್ಲ."

ದಿಶಾ ಮೊದಲು ಹೇಳಬೇಕಾದ್ದನ್ನು ಜೋಪಾನವಾಗಿ ಹೇಳಿದಳು. "ನೀವು ಇಲ್ಲಿ ಹೇಳಿದ್ದು ನನ್ನ ಹತ್ತಿರವೇ ಇರ್ತದೆ. ಯಾರದ್ದಾದರೂ ಜೀವಕ್ಕೆ ಅಪಾಯ ಇದೆ ಅಂತಾದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗ್ತದೆ. ಅದೂ ನಿಮಗೆ ತಿಳಿಸಿಯೇ."

"ಮನಿಯವ್ರಿಗಿ?"

"ಮನೆಯವರಿಗೂ ಹೇಳುವುದಿಲ್ಲ."

"ನಮ್ಮ ಚಾಳಿನಾಗ ಯಾರಿಗಿ ಗೊತ್ತಾಗಬಾರದ್ರಿ. ಮಾನಮ್ಮಗ ಓವರ್‌ಟೈಮ್ ಅದ ಅಂತ ಹೇಳಿ ಬಂದೀನಿ." ಮಾನಮ್ಮ ಅವನ ಹೆಂಡತಿ.

"ಯಾರಿಗೂ ಗೊತ್ತಾಗುವುದಿಲ್ಲ," ಎಂದಳು ದಿಶಾ.

ಆಮೇಲೆ ಅವನು ಶನಿವಾರಗಳಂದು ಬರತೊಡಗಿದ. ಮಾತು ಒಂದೇ ಸಲ ಹೊರಬೀಳಲಿಲ್ಲ. ಒಂದು ದಿನ ಒಂದು ತುಂಡು, ಇನ್ನೊಂದು ದಿನ ಇನ್ನೊಂದು. ಹಿಂದಿನ ವರ್ಷ ಅವನು ಕೆಲಸ ಮಾಡುತ್ತಿದ್ದ ಬಣ್ಣದ ಕಂಪನಿಯಲ್ಲಿ ಬೆಂಕಿ ಬಿದ್ದಿತ್ತು. ಸತ್ತವರಲ್ಲಿ ದಿಲೀಪನೂ ಒಬ್ಬ. ದಿಲೀಪ ಅವನ ಊರಿನವನೇ, ಒಂದೇ ಓಣಿಯಲ್ಲಿ ಆಡಿ ಬೆಳೆದವನು, ಒಂದೇ ರೈಲಿನಲ್ಲಿ ಇಲ್ಲಿಗೆ ಬಂದವನು. ಚಾಳಿನಲ್ಲಿ ಗೋಡೆಗೆ ಗೋಡೆ. ಆ ದಿನದ ಪಾಳಿ ದಿಲೀಪನದಾಗಿರಲಿಲ್ಲ. ಜೈಭೀಮನದು.

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಮಾಡುವ ಚಿಕ್ಕಪ್ಪನ ಮಗ ಶಂಕ್ರೆಪ್ಪನ ಮನೆಯಲ್ಲಿ ಆವತ್ತು ತೊಟ್ಟಿಲ ಕಾರ್ಯಕ್ರಮ. ಆಳುಗಳ ಮೇಲ್ವಿಚಾರಣೆಯ ಮುಕಾದಮ ರಜೆ ಕೊಡಲಿಲ್ಲ. ಬದಲಿ ಆಳು ತಂದರೆ ಹೋಗು ಎಂದ. ಹಿಂದಿನ ರಾತ್ರಿಯಷ್ಟೇ ಪಾಳಿ ಮುಗಿಸಿ ಬಂದಿದ್ದ ದಿಲೀಪನಿಗೆ, ಊಟಕ್ಕೆ ಹೋಗಬೇಕು, ನನ್ನ ಬದಲು ನೀನು ನಿಲ್ಲು ಎಂದರೆ ಅವನು ಬೈದು ಕಳಿಸುತ್ತಿದ್ದ. ಅದಕ್ಕೆ ಜೈಭೀಮ ಜ್ವರ ಬಂದಿದೆ ಎಂದ. ಮಾನಮ್ಮ ಮಕ್ಕಳೊಂದಿಗೆ ಮೊದಲೇ ಕಳಂಬೋಲಿಗೆ ಹೋಗಿದ್ದಳು; ಅವನೊಬ್ಬನೇ ಕಂಬಳಿ ಹೊದ್ದು ಮಲಗಿ ಹೇಳಿದ. ದಿಲೀಪ ಅವನ ಹಣೆ ಕೂಡ ಮುಟ್ಟಿ ನೋಡಲಿಲ್ಲ. "ಮಕ್ಕೋ, ನಾ ಹೋಗ್ತೀನಿ" ಎಂದು ಹೊರಟುಹೋದ. ಬೆಂಕಿಯ ಸುದ್ದಿಯ ಫೋನು ಬಂದಾಗ ಜೈಭೀಮ ಕಳಂಬೋಲಿಯಲ್ಲಿ ಪಂಕ್ತಿಯಲ್ಲಿ ಕೂತಿದ್ದ. ಎಲೆಯ ಮೇಲೆ ಅನ್ನ ಇತ್ತು.

ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಗುತ್ತಿಗೆ ಆಳುಗಳ ಪಾಳಿ ಯಾರು ಯಾರಿಗೆ ಬಿಟ್ಟುಕೊಟ್ಟರು ಎಂದು ಯಾರೂ ಕೇಳಲಿಲ್ಲ, ಮುಕಾದಮನೂ ಊರು ಬಿಟ್ಟ. ರಜೆ ಸಿಕ್ಕಿದೆ ಎಂದೇ ಮಾನಮ್ಮ ತಿಳಿದಿದ್ದಳು. ಚಾಳಿನಲ್ಲಿ ಎಲ್ಲರೂ ಹೇಳಿಕೊಂಡದ್ದು ದಿಲೀಪ ಡಬಲ್ ಡ್ಯೂಟಿಗೆ ಹೋಗಿದ್ದ ಎಂದು. ದಿಲೀಪನ ಹೆಂಡತಿ ಮಲ್ಲಿಕಾ ಮಗಳು ಜ್ಯೋತಿಯನ್ನು ಇಂಗ್ಲಿಷ್ ಶಾಲೆಗೆ ಹಾಕಬೇಕೆಂದು ಗಂಡನ ಬೆನ್ನು ಹತ್ತಿದ್ದಳು. ಫೀಸಿಗಾಗಿಯೇ ಅವನು ಎರಡು ಪಾಳಿ ಮಾಡಲು ಹೋದ ಎಂದು ಅವಳೂ ನಂಬಿದಳು, ಅವಳ ಅತ್ತೆಯೂ ನಂಬಿದಳು. ಅತ್ತೆ ದಿನ ಬೆಳಗಾದರೆ ಅದನ್ನೇ ಎತ್ತಿ ಆಡುತ್ತಿದ್ದಳು. ಗೋಡೆಯ ಈಚೆ ಕೂತು ಜೈಭೀಮ ಕೇಳಿಸಿಕೊಳ್ಳುತ್ತಿದ್ದ.

ಜ್ಯೋತಿಯನ್ನು ಸೈಕಲ್ಲಿನ ಮೇಲೆ ಕೂರಿಸಿ ಶಾಲೆಗೆ ಬಿಡುವವನೂ ಅವನೇ. ಅಲ್ಲಿಂದ ಸ್ಟೇಷನ್ನಿಗೆ ಹೋಗಿ, ರೈಲು ಹಿಡಿದು, ಈಗ ಕೆಲಸವಿದ್ದ ಶಹಾಡ್‌ನ ಗೋದಾಮಿಗೆ ಹೋಗುತ್ತಿದ್ದ.

ಇದೆಲ್ಲ ದಿಶಾಳಿಗೆ ಅರ್ಥವಾಗಿತ್ತು. ಅಲ್ಲಲ್ಲಿ ಒಂದು ಪದ ತಪ್ಪಿದರೂ ಮುಂದಿನ ಮಾತಿನಿಂದ ಹಿಂದಿನದನ್ನು ಹಿಡಿದುಕೊಳ್ಳುತ್ತಿದ್ದಳು. ತಪ್ಪಿದಾಗ ಕೇಳುವುದು ಅವಳಿಗೆ ನಾಚಿಕೆ. ಕನ್ನಡದವಳು ಎಂದೇ ಅಲ್ಲವೇ ಅವನು ಬಾಯಿ ಬಿಟ್ಟದ್ದು? ಹೀಗಾಗಿ ಅವಳು ತಲೆದೂಗುತ್ತಿದ್ದಳು.

ಒಂದು ಶನಿವಾರ ಜೈಭೀಮ ನೆಲ ನೋಡುತ್ತ ಹೇಳಿದ: "ನಾ ಅವನ ಮಣ್ಣಿಗಿ ಹೋಗ್ಲಿಲ್ರಿ. ಚಾಳಿನ ಮಂದಿ ಎಲ್ಲಾ ಹೋದ್ರು, ನಾ ಹೋಗ್ಲಿಲ್ಲ. ಹ್ಯಾಂಗ ಹೋಗ್ಲಿ? ಅದು ನನ್ನ ಮಣ್ಣು ಇತ್ತು."

ಹೇಳಿ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದಿನಗಳಲ್ಲಿ ಅವನು ಅತ್ತದ್ದು ಅದೇ ಮೊದಲು.

ದಿಶಾ ತಲೆದೂಗಿದಳು. ನೀರಿನ ಲೋಟ ಅವನ ಕಡೆಗೆ ಸರಿಸಿದಳು. ಆದರೆ ಅವಳಿಗೆ ಅರ್ಥವಾಗಿರಲಿಲ್ಲ. ಮಣ್ಣು ಎಂದರೆ ಹೊಲವೇ? ದಿಲೀಪನ ಹೊಲ ಇವನದಾಗಿತ್ತೇ? ಇಬ್ಬರ ನಡುವೆ ಜಮೀನಿನ ಜಗಳವೇನಾದರೂ ಇತ್ತೇ, ಅದನ್ನು ಇಷ್ಟು ದಿನ ಹೇಳಿರಲಿಲ್ಲವೇ? ಅಳುತ್ತಿರುವವನನ್ನು ತಡೆದು, ನೀವು ಹೇಳಿದ್ದು ನನಗೆ ತಿಳಿಯಲಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೊತ್ತು ಮುಗಿಯಿತು. ಅವನು ಕಣ್ಣೊರೆಸಿಕೊಂಡು, "ಇವತ್ತು ಎದಿ ಹಗೂರ ಆತ್ರಿ" ಎಂದು ಹೇಳಿ ಹೋದ.

ಮರುದಿನ ಭಾನುವಾರ. ರತ್ನಾವತಿ ಕಾವಲಿಯ ಮುಂದೆ ನಿಂತು ನೀರುದೋಸೆ ಹೊಯ್ಯುತ್ತಿದ್ದರು. ಪಕ್ಕದ ಬಚ್ಚಲಲ್ಲಿ ಸಾಬವ್ವ ಪಾತ್ರೆ ತಿಕ್ಕುತ್ತಿದ್ದಳು. ದಿಶಾಳ ತಲೆಯಲ್ಲಿ ಆ ಮಾತು ರಾತ್ರಿಯಿಂದ ಸುತ್ತುತ್ತಿತ್ತು.

"ಅಮ್ಮಾ, ಮಣ್ಣಿಗೆ ಹೋಗುವುದು ಅಂದರೆ ಏನು?"

"ಮಣ್ಣು ಅಂದರೆ ಮಣ್ಣು. ಮತ್ತೇನು?" ರತ್ನಾವತಿ ದೋಸೆ ಮಡಚುತ್ತ ಹೇಳಿದರು. "ಯಾರು ಹೇಳಿದ್ದು ಹಾಗೆ?"

"ಯಾರೋ. ಆ ಕಡೆಯ ಕನ್ನಡ."

"ಹಾಗಾದರೆ ಸಾಬವ್ವನನ್ನು ಕೇಳು. ಅವಳ ಕಡೆಯ ಮಾತು ನನಗೆಲ್ಲಿ ತಿಳೀತದೆ?"

ದಿಶಾ ಒಂದು ಕ್ಷಣ ಯೋಚಿಸಿದಳು. ಹೆಸರು ಹೇಳುವುದಿಲ್ಲ. ಊರು ಹೇಳುವುದಿಲ್ಲ. ಬೆಂಕಿಯ ಮಾತಂತೂ ಇಲ್ಲವೇ ಇಲ್ಲ. ಬರೀ ಒಂದು ವಾಕ್ಯದ ಅರ್ಥ. ನಿಘಂಟು ತೆರೆದು ನೋಡಿದ ಹಾಗೆ, ಅಷ್ಟೇ.

"ಸಾಬವ್ವ, ಯಾರಾದರೂ, 'ನಾ ಅವನ ಮಣ್ಣಿಗೆ ಹೋಗಲಿಲ್ಲ, ಅದು ನನ್ನ ಮಣ್ಣು ಇತ್ತು' ಅಂದರೆ ಏನರ್ಥ?"

ಸಾಬವ್ವನ ಕೈ ನಿಂತಿತು. ನಲ್ಲಿಯ ನೀರು ಬೋಗುಣಿಯೊಳಕ್ಕೆ ಸುರಿಯುತ್ತಲೇ ಇತ್ತು.

"ಮಣ್ಣು ಅಂದ್ರ ಸತ್ತವ್ರಿಗಿ ಹೂಳೋದು, ತಂಗಿ. ಮಣ್ಣಿಗಿ ಹೋಗೋದಂದ್ರ ಹೆಣದ ಹಿಂದ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರೋದು. ನನ್ನ ಮಣ್ಣು ಇತ್ತು ಅಂದ್ರ..." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಸಾಯಬೇಕಾದಾಂವ ನಾ ಇದ್ದೆ, ನನ್ನ ಬದ್ಲಿ ಅಂವ ಹ್ವಾದ, ಅಂದಂಗ. ಯಾರಂದ್ರು ಹಿಂಗ?"

"ಯಾರೋ ಒಬ್ಬರು."

"ನಿಮ್ಮ ಠಾಣಾ ಆಫೀಸಿನ್ಯಾಗ?"

ದಿಶಾ ತಟ್ಟೆ ಹಿಡಿದು ಹಜಾರಕ್ಕೆ ಹೋದಳು. ಅವಳಿಗೆ ಆಗ ಅನಿಸಿದ್ದು ಹೆದರಿಕೆಯಲ್ಲ, ಆ ಮನುಷ್ಯನ ನೋವು ಈಗ ಪೂರ್ತಿ ತಿಳಿಯಿತು ಎಂಬ ಒಂದು ಬಗೆಯ ಸಮಾಧಾನ. ಅದು ನೆನಪಾದಾಗಲೆಲ್ಲ ಅವಳಿಗೆ ಆಮೇಲೆ ಮುಖ ಬಿಸಿಯಾಗುತ್ತಿತ್ತು.

ಮುಂದಿನ ಶನಿವಾರ ಅವರಿಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಮಲ್ಲಿಕಾಗೆ ಸತ್ಯ ಹೇಳಬೇಕು, ಅದನ್ನು ಜೈಭೀಮನೇ ಹೇಳಬೇಕು. ದಿಶಾ ಅವನನ್ನು ಆತುರಪಡಿಸಲಿಲ್ಲ. ಯಾವಾಗ ಹೇಳುತ್ತೀರಿ, ಮೊದಲ ಮಾತು ಏನು, ಅವಳು ಕೂಗಾಡಿದರೆ ಏನು ಮಾಡುತ್ತೀರಿ, ಸುಮ್ಮನಿದ್ದುಬಿಟ್ಟರೆ ಏನು ಮಾಡುತ್ತೀರಿ ಎಂದೆಲ್ಲ ಮಾತಾಡಿದರು. "ತಂಗಿ, ನಿನ್ನ ತಪ್ಪಿಲ್ಲ" ಎಂದೇ ಶುರು ಮಾಡುತ್ತೇನೆ ಎಂದ ಅವನು. ಆ ಮೂರು ಪದಗಳನ್ನು ಅಲ್ಲೇ ಕೂತು ನಾಲ್ಕಾರು ಸಲ ಹೇಳಿ ನೋಡಿದ. ಮಾನಮ್ಮನಿಗೂ ಮೊದಲೇ ಹೇಳಿ, ಅವಳನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದೂ ಆಯಿತು.

"ವರ್ಷಾಂತಿಕದೊಳಗ ಹೇಳ್ತೀನ್ರಿ," ಎಂದ. ಹೋಗುವಾಗ ಬಾಗಿಲಲ್ಲಿ ನಿಂತು ನಕ್ಕ.

ಅದರ ಮುಂದಿನ ವಾರ ಅವನು ಬರಲಿಲ್ಲ. ಅದರಾಚೆ ವಾರ ಬಂದಾಗ ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಕೂರುವ ಮೊದಲೇ ಹೇಳಿದ.

"ಮಲ್ಲಿಕಾಗ ಗೊತ್ತಾತ್ರಿ."

"ನೀವು ಹೇಳಿದಿರಾ?"

"ಇಲ್ರಿ. ಅಕಿನೇ ಬಂದ್ಲು. ನಾ ಉಣ್ಣಕ್ಕ ಕುಂತಿದ್ದೆ. ಬಾಗಿಲಾಗ ನಿಂತು ಒಂದೇ ಮಾತು ಕೇಳಿದ್ಲು. ಅಣ್ಣಾ, ಆವತ್ತು ನಿನಗ ಜ್ವರ ಬಂದಿತ್ತೇನು? ದಿಲೀಪ ಹೋಗಬೇಕಾದ್ರ ಅಕಿಗಿ ಹೇಳಿ ಹೋಗಿದ್ನಂತ, ಜೈಭೀಮಗ ಜ್ವರ ಅದ, ಅವನ ಮನಿಗಿ ಗಂಜಿ ಕಳಿಸು ಅಂತ. ಅಕಿ ಇಷ್ಟು ದಿನ ಆ ಜ್ವರಾನ ದಿಲೀಪನ ಪಾಳಿಗಿ ಜೋಡಿಸಿದ್ದಿಲ್ಲ." ಅವನು ಉಸಿರು ತಗೊಂಡ. "ಸುಳ್ಳು ಹೇಳಲಾಕ ಆಗಲಿಲ್ರಿ. ಇಲ್ಲ ಅಂದೆ. ಅಕಿ ಹೊಳ್ಳಿ ಹೋದ್ಲು. ಅಳಲಿಲ್ಲ, ಬೈಲಿಲ್ಲ. ತಂಗಿ ನಿನ್ನ ತಪ್ಪಿಲ್ಲ ಅನ್ನಬೇಕಂದ್ರ ಅಕಿ ಅಲ್ಲಿ ಇದ್ದಿಲ್ಲ."

"ಅವರಿಗೆ ಹೇಗೆ ಗೊತ್ತಾಯಿತು?"

"ಮಾನಮ್ಮಂದೇ ಕೆಲಸ. ನಾ ನಿದ್ದ್ಯಾಗ ಬಡಬಡಸ್ತೀನಂತ ಅಕಿ ಯಾವಾಗಲೂ ಅಂತಿರ್ತಾಳ. ಕೇಳ್ಸಿಕೊಂಡು ಹೇಳ್ಯಾಳ. ನಾ ಅಲ್ಲ, ನನ್ನ ಮಕ್ಕಳ ಆಣಿ ಅಂತ ಅತ್ಲು. ನಾ ನಂಬಲಿಲ್ಲ. ಅಕಿ ಕೈಯಾಗಿನ ಊಟ ಬಿಟ್ಟೆ. ಮಕ್ಕಳಿಗಿ ಕರಕೊಂಡು ಕಲ್ಯಾಣಕ್ಕ ಅವರಣ್ಣನ ಮನಿಗಿ ಹೋಗ್ಯಾಳ." ಅವನು ತಲೆಯೆತ್ತಿ ದಿಶಾಳನ್ನು ನೋಡಿದ. "ಬ್ಯಾರೆ ಯಾರು ಹೇಳ್ತಾರ್ರೀ? ಇಲ್ಲಿ ಬಿಟ್ರ ನಾ ಎಲ್ಲೂ ಬಾಯಿ ಬಿಟ್ಟಿಲ್ಲ. ಇಲ್ಲಿಂದ ಹೋಗಂಗಿಲ್ಲ, ಅದು ನನಗ ಗೊತ್ತದ."

ದಿಶಾ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಮುಂದುವರಿಸಿದ.

"ಮಲ್ಲಿಕಾನ ಹಿಂದ ಸಾಬವ್ವ ನಿಂತಿದ್ಲು. ಅಕಿ ಮುಖ ನೋಡಬೇಕಿತ್ತು ನೀವು. ನನ್ನ ಕೊಂದು ತಿನ್ನಂಗ ನೋಡ್ತಿದ್ಲು."

"ಯಾವ ಸಾಬವ್ವ?"

"ನಮ್ಮ ಚಾಳಿನಾಕಿ. ರೆಸಿಡೆನ್ಶಿಯಲ್ ಬಿಲ್ಡಿಂಗ್ ಕಡಿ ಮನಿಕೆಲಸ ಮಾಡ್ತಾಳ."

ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಮರಾಠಿಯಲ್ಲಿ ಅಪಾಯಿಂಟ್‌ಮೆಂಟ್ ಕೇಳುತ್ತಿದ್ದರು. ಅದು ತಮ್ಮ ಮನೆಗೆ ಬರುವ ಸಾಬವ್ವನೇ. ದಿಶಾ ಆಗಲೇ ಹೇಳಬೇಕಿತ್ತು. ಮಾನಮ್ಮ ಹೇಳಿದ್ದಲ್ಲ, ನನ್ನಿಂದ ಹೋದದ್ದು, ಎಂಬ ಒಂದು ಮಾತು. ಅವಳು ಹೇಳಲಿಲ್ಲ. ಯಾರ ಮೇಲೂ ಅವಸರದಲ್ಲಿ ಅನುಮಾನ ಪಡಬೇಡಿ, ಮುಂದಿನ ವಾರ ತಪ್ಪದೆ ಬನ್ನಿ ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಮನೆಗೆ ಬಂದು, ಮರುದಿನ ಬೆಳಿಗ್ಗೆ ಸಾಬವ್ವ ಬರುವುದನ್ನು ಕಾದಳು. ಕೋಪ ಮಾಡಬೇಕೆಂದಿದ್ದಳು.

"ನೀವು ಯಾಕೆ ಹೇಳಿದಿರಿ ಸಾಬವ್ವ?"

ಸಾಬವ್ವ ಪೊರಕೆ ಗೋಡೆಗೆ ಒರಗಿಸಿದಳು. ಯಾವ ವಿಷಯ ಎಂದು ಕೇಳಲಿಲ್ಲ.

"ದಿಲೀಪನ ಮಣ್ಣಿಗಿ ನಾವು ಚಾಳಿನವ್ರೆಲ್ಲಾ ಗಾಡಿ ಮಾಡ್ಕೊಂಡು ಊರಿಗಿ ಹೋಗಿದ್ದೆವು. ಬರದೇ ಉಳದಾಂವ ಅವನೊಬ್ಬನೇ. ಜೀವದ ಗೆಳ್ಯಾನೇ ಯಾಕ ಬರಲಿಲ್ಲ ಅಂತ ನನಗ ಅವತ್ತಿನಿಂದ ಕೊರಿತಿತ್ತು. ನೀವು ಆ ಮಾತು ಕೇಳಿದ್ರಲ್ಲ, ಅವನೇ ಬಂದು ಎದುರಿಗಿ ನಿಂತಂಗಾತು." ಅವಳ ದನಿ ಏರಿತು. "ಆ ಹುಡುಗಿ ವರ್ಷ ಆಗಲಾಕ ಬಂತು, ಗಂಡನ್ನ ತಿಂದಾಕಿ ಅನ್ನಸ್ಕೊಳ್ಳಕ್ಕತ್ತಾಳ. ನಳದ ಹತ್ರ ಮಂದಿ ಮುಂದ ಅತ್ತಿ ಅಕಿಗಿ ಏನೇನಂತಾಳ ನೀವು ಕೇಳಿಲ್ಲ. ನಾ ಕೇಳೀನಿ. ಗೊತ್ತಿದ್ದೂ ಬಾಯಿ ಮುಚಗೊಂಡು ಕೂಡಬೇಕಿತ್ತೇನು?"

"ಅದು ಅವರು ನನಗೆ ನಂಬಿಕೆಯಿಂದ ಹೇಳಿದ್ದು."

"ನಿಮಗ ಹೇಳ್ಯಾನ. ನೀವು ನನಗ ಕೇಳಿದ್ರಿ. ಯಾರಿಗೂ ಹೇಳಬ್ಯಾಡ ಅಂತ ನೀವು ಅಂದಿದ್ದಿಲ್ಲ, ತಂಗಿ."

ದಿಶಾಳ ಕೋಪ ಸಾಬವ್ವನನ್ನು ಮುಟ್ಟಿ ತನಗೇ ತಿರುಗಿ ಬಂತು. ಒಳಗಿನಿಂದ ಎಲ್ಲ ಕೇಳಿಸಿಕೊಂಡ ರತ್ನಾವತಿ, ಸಾಬವ್ವ ಹೋದ ಮೇಲೆ, ಇವಳನ್ನು ಬಿಡಿಸಿ ಬೇರೆಯವರನ್ನು ನೋಡುವ ಎಂದರು.

"ಬೇಡ ಅಮ್ಮ. ಅವರದು ಏನೂ ತಪ್ಪಿಲ್ಲ."

"ನಿನ್ನದಾದರೂ ಏನು ತಪ್ಪು? ಒಂದು ಶಬ್ದ ಕೇಳಿದ್ದು ಅಷ್ಟೇ ಅಲ್ಲವಾ? ಹೆಸರು ಹೇಳಿದ್ದೀಯಾ?"

ದಿಶಾ ಗೋಡೆಗೆ ಒರಗಿದ್ದ ಪೊರಕೆಯನ್ನು ತೆಗೆದು ಮೂಲೆಗಿಟ್ಟಳು.

ಸೋಮವಾರ ಅಮಿತಾ ಮೇಡಂ ಮುಂದೆ ಎಲ್ಲ ಹೇಳಿದಳು. ಅಮಿತಾ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರ್ಥ ಆಗದಿದ್ದಾಗ ನನ್ನ ಹತ್ತಿರ ಯಾಕೆ ಬರಲಿಲ್ಲ?"

"ನಿಮಗೆ ಕನ್ನಡ ಬರಲ್ಲ ಅಂತ."

"ನನಗೆ ಬರಲ್ಲ. ಹೇಳಿದವರಿಗೆ ಬರುತ್ತಲ್ಲ."

ದಿಶಾ ತಲೆ ತಗ್ಗಿಸಿದಳು.

"ನೀನೇ ಹೇಳಬೇಕು ಅವರಿಗೆ," ಎಂದರು ಅಮಿತಾ. "ನಾನೂ ಜೊತೆಗಿರ್ತೀನಿ, ಅವರು ಒಪ್ಪಿದರೆ. ದೂರು ಕೊಡಬಹುದು ಅನ್ನೋದನ್ನೂ ಹೇಳು. ಕ್ಷಮೆ ಕೇಳು, ಆದರೆ ಕ್ಷಮಿಸಿ ಅಂತ ಅವರನ್ನು ಕಾಡಬೇಡ."

ಶನಿವಾರ ಜೈಭೀಮ ಬಂದ. ಅಮಿತಾ ಕೂರುವುದು ಬೇಡ ಎಂದ. ದಿಶಾ ತಾನು ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದ ವಾಕ್ಯಗಳನ್ನೆಲ್ಲ ಮರೆತಳು.

"ಮಾನಮ್ಮ ಹೇಳಿದ್ದಲ್ಲ. ನನ್ನಿಂದ ಹೋಯಿತು," ಎಂದಳು. "ನೀವು ಮಣ್ಣಿನ ಮಾತು ಹೇಳಿದಿರಲ್ಲ, ಅದು ನನಗೆ ಅರ್ಥ ಆಗಿರಲಿಲ್ಲ. ಮನೆಯಲ್ಲಿ ಕೇಳಿದೆ. ಸಾಬವ್ವ ನಮ್ಮ ಮನೆಗೇ ಕೆಲಸಕ್ಕೆ ಬರ್ತಾರೆ. ನಾನು ಹೆಸರು ಹೇಳಲಿಲ್ಲ, ಆ ಮಾತು ಮಾತ್ರ ಕೇಳಿದೆ. ಅಷ್ಟಕ್ಕೇ ಅವರಿಗೆ ಗೊತ್ತಾಯಿತು. ಹೋದ ವಾರವೇ ನಾನು ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ. ಎರಡೂ ನನ್ನ ತಪ್ಪು."

ಜೈಭೀಮ ಅವಳನ್ನೇ ನೋಡುತ್ತ ಕೂತ. ಸಿಟ್ಟು ಬಂದಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತೇನೋ. ಅವನ ಮುಖದಲ್ಲಿ ಇದ್ದದ್ದು ಅದಲ್ಲ. ಏನನ್ನೋ ಮತ್ತೆ ಮೊದಲಿನಿಂದ ಲೆಕ್ಕ ಹಾಕುವವನ ಹಾಗೆ ಹುಬ್ಬು ಗಂಟಿಕ್ಕಿಕೊಂಡಿದ್ದ.

"ನೀವು ತಲಿ ಅಲ್ಲಾಡ್ಸಿದ್ರಲ್ರಿ," ಎಂದ ಕೊನೆಗೆ. "ನಾ ತಿಳಿತು ಅನ್ಕೊಂಡೆ."

"ಹೌದು."

"ನನಗ ಕೇಳಿದ್ರ ನಾ ಹೇಳ್ತಿದ್ನಲ್ರೀ ಮೇಡಂ. ಅದರಾಗೇನಿತ್ತು? ಎರಡು ಮಾತು."

"ಕೇಳಬೇಕಿತ್ತು."

"ಮಾನಮ್ಮಗ ಹೊಡದೀನಿ ನಾನು," ಎಂದ. ದನಿ ಬಹಳ ಸಣ್ಣದಾಗಿತ್ತು. "ಹದಿನಾರು ವರ್ಷ ಬಾಳ್ವಿ ಮಾಡೀನಿ, ಒಂದಿನ ಕೈ ಎತ್ತಿದಾಂವ ಅಲ್ಲ."

ದಿಶಾ ಅಳಬಾರದು ಎಂದು ತುಟಿ ಕಚ್ಚಿ ಹಿಡಿದಳು. ಇಲ್ಲಿ ಅಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ದೂರಿನ ವಿಷಯ ಹೇಳಿದಳು. ಬೇರೊಬ್ಬ ಸಲಹೆಗಾರರ ಹತ್ತಿರ ಮುಂದುವರಿಸಬಹುದು, ವಾಶಿಯಲ್ಲಿ ಕನ್ನಡ ಚೆನ್ನಾಗಿ ಬರುವ ಒಬ್ಬರಿದ್ದಾರೆ ಎಂದೂ ಹೇಳಿದಳು. ಅವನು ಕೈ ಆಡಿಸಿದ.

"ದೂರು ಗೀರು ಏನ್ ಮಾಡ್ಲಿ. ಮಲ್ಲಿಕಾಗ ನಾನೇ ಹೇಳಬೇಕಂತ ಇತ್ತು. ಅದೊಂದು ಹ್ವಾತು." ಎದ್ದು ನಿಂತ. "ಮೊದಲು ಮಾನಮ್ಮನ ಕಡಿ ಹೋಗಬೇಕು. ಅಕಿ ಬರ್ತಾಳೋ ಇಲ್ಲೋ."

ಬಾಗಿಲವರೆಗೆ ಹೋಗಿ ತಿರುಗಿದ. ಏನೋ ಹೇಳುತ್ತಾನೆಂದು ದಿಶಾ ಎದ್ದು ನಿಂತಳು. "ನಮಸ್ಕಾರ್ರಿ" ಎಂದಷ್ಟೇ ಹೇಳಿ ಹೋದ. ಅಭ್ಯಾಸಬಲದ ಮರ್ಯಾದೆ ಅದು.

ಅವನು ಮತ್ತೆ ಬರಲಿಲ್ಲ. ಕೇಂದ್ರದಲ್ಲಿ ದಿಶಾಳನ್ನು ಕೆಲ ತಿಂಗಳು ಒಬ್ಬಳೇ ಯಾರನ್ನೂ ನೋಡದಂತೆ ಇಟ್ಟರು, ಅಮಿತಾರ ಜೊತೆಗೇ ಕೂರಬೇಕಾಯಿತು. ಅದು ಅವಳಿಗೆ ಶಿಕ್ಷೆ ಅನಿಸಲಿಲ್ಲ. ಈಗ ಮರಾಠಿಯವರು ಹೇಳಿದ ಒಂದು ಸಣ್ಣ ಮಾತು ತಪ್ಪಿದರೂ ಅವಳು ತಡೆದು ಕೇಳುತ್ತಿದ್ದಳು. "ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳ್ತೀರಾ?" ಜನ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಬದಲಿಗೆ ಇನ್ನಷ್ಟು ಬಿಡಿಸಿ ಹೇಳುತ್ತಿದ್ದರು. ಇಷ್ಟು ಸುಲಭವಿತ್ತೇ ಎಂದು ಅವಳಿಗೆ ಪ್ರತಿಸಲವೂ ಅನಿಸುತ್ತಿತ್ತು.

ಮನೆಯಲ್ಲಿ ಸಾಬವ್ವ ಮೊದಲಿನ ಹಾಗೆಯೇ ಬಂದು ಹೋಗುತ್ತಿದ್ದಳು. ಒಂದು ದಿನ ಬಟ್ಟೆ ಒಣಹಾಕುತ್ತ ತಾನಾಗಿಯೇ ಮಾತು ತೆಗೆದಳು.

"ಮಲ್ಲಿಕಾನ ಅತ್ತಿ ಈಗ ಸುಮ್ಮನಾಗ್ಯಾಳ ತಂಗಿ. ಅಕಿಗಿ ಏನೂ ಅನ್ನಂಗಿಲ್ಲ. ಮಲ್ಲಿಕಾ ರಾತ್ರಿ ನಿದ್ದಿ ಮಾಡ್ತಾಳ. ಅದೊಂದು ಚಲೋ ಆತು."

ದಿಶಾ ಆ ಮಾತನ್ನು ಹಿಡಿದುಕೊಳ್ಳಬೇಕೆಂದು ಆಸೆಪಟ್ಟಳು. ಒಬ್ಬಳಿಗಾದರೂ ಒಳ್ಳೆಯದಾಯಿತಲ್ಲ. ಅಷ್ಟರಲ್ಲಿ ಸಾಬವ್ವ ಮುಂದುವರಿಸಿದಳು. "ಆದ್ರ ಜ್ಯೋತಿಗಿ ಅವನ ಸೈಕಲ್ ಹತ್ತಲಾಕ ಬಿಡಂಗಿಲ್ಲ. ಮೊನ್ನಿ ನನ್ನ ಮುಂದ ಅಂದ್ಲು, ಅಂವ ತಾನಾಗಿ ಬಂದು ಹೇಳಿದ್ರ ನಾ ನಾಕು ದಿನ ಅತ್ತು, ಬೈದು, ಆಮ್ಯಾಲ ಅಣ್ಣಾ ಅಂತಿದ್ದೆ. ಸಿಕ್ಕಿಬಿದ್ದ ಮ್ಯಾಲ ಒಪ್ಪಿಕೊಂಡಾಂವಗ ಏನನ್ಲಿ, ಅಂತ. ಅಂವ ಹೇಳಾಂವ ಇದ್ನೋ ಏನೋ, ಯಾರಿಗಿ ಗೊತ್ತು?"

ದಿಶಾಳಿಗೆ ಗೊತ್ತಿತ್ತು. ಅವನು ಹೇಳುವವನಿದ್ದ. ಯಾವ ಮಾತಿನಿಂದ ಶುರು ಮಾಡುವವನಿದ್ದ ಎಂಬುದೂ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಮಲ್ಲಿಕಾಗೆ ಹೋಗಿ ಹೇಳು, ಅವನು ತಾನಾಗಿಯೇ ಹೇಳಲು ಅಭ್ಯಾಸ ಮಾಡಿಕೊಂಡಿದ್ದ ಎಂದು ಸಾಬವ್ವನ ಕಿವಿಯಲ್ಲಿ ಒಂದು ಮಾತು ಹಾಕಿದರೆ ಸಾಕಿತ್ತು, ಸಂಜೆಯೊಳಗೆ ಮುಟ್ಟುತ್ತಿತ್ತು. ಆದರೆ ಅದೂ ಅವನು ಆ ಕೋಣೆಯಲ್ಲಿ ಹೇಳಿದ್ದೇ. ಕೆಟ್ಟದ್ದು ಹೊರಗೆ ಹೋಯಿತೆಂದು ಒಳ್ಳೆಯದನ್ನೂ ಅವನನ್ನು ಕೇಳದೆ ಹೊರಗೆ ಕಳಿಸಲು ಬರುವುದಿಲ್ಲ.

"ಬೇಡ ಸಾಬವ್ವ," ಎಂದಳು. "ಅವರ ವಿಷಯ ನನ್ನ ಹತ್ತಿರ ಹೇಳಬೇಡಿ."

ಸಾಬವ್ವ ಒಂದು ಗಳಿಗೆ ಅವಳ ಮುಖ ನೋಡಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಬೆಂಕಿಯ ವರ್ಷಾಂತಿಕ ಕಳೆಯಿತು. ಅಮಿತಾರನ್ನು ಕೇಳಿ ದಿಶಾ ಜೈಭೀಮನಿಗೆ ಒಂದು ಸಲ ಫೋನು ಮಾಡಲು ಒಪ್ಪಿಗೆ ಪಡೆದಳು. ವಾಶಿಯವರ ನಂಬರು ಕೊಡಬೇಕು, ಹೇಗಿದ್ದೀರಿ ಎಂದು ಕೇಳಬೇಕು. ಕೆಲಸದ ಹೊತ್ತಿನಲ್ಲಿ ಮಾತ್ರ ಫೋನು ಮಾಡಿ ಎಂದು ಅವನು ಮೊದಲೇ ಹೇಳಿದ್ದ. ಹಾಗೆಯೇ ಮಧ್ಯಾಹ್ನ ಮಾಡಿದಳು. ಎತ್ತಿದ್ದು ಹೆಂಗಸು.

"ಯಾರ್ರೀ?"

ಹಿಂದೆ ಮಕ್ಕಳ ಗಲಾಟೆ, ಕುಕ್ಕರಿನ ಸೀಟಿ. ಮಾನಮ್ಮ ಮನೆಗೆ ಬಂದಿದ್ದಾಳೆ ಎಂದು ತಿಳಿದಾಗ ದಿಶಾಳ ಕಣ್ಣು ಮಂಜಾಯಿತು.

"ಹಲೋ, ಯಾರ್ರೀ? ಇವ್ರು ಫೋನ್ ಮನ್ಯಾಗ ಬಿಟ್ಟು ಹೋಗ್ಯಾರ. ಸಂಜಿಗಿ ಬರ್ತಾರ. ಏನಾರ ಹೇಳಬೇಕೇನ್ರಿ?"

ಹೇಳಬೇಕಾದ್ದು ಬಹಳ ಇತ್ತು. ನಿಮ್ಮ ಮೇಲೆ ಬಂದ ಅಪವಾದಕ್ಕೆ ಕಾರಣ ನಾನು ಎನ್ನಬೇಕಿತ್ತು. ಆದರೆ ತಾನು ಯಾರೆಂದು ಅವನು ಹೆಂಡತಿಗೆ ಹೇಳಿದ್ದಾನೋ ಇಲ್ಲವೋ, ಠಾಣೆಯ ಶನಿವಾರಗಳ ವಿಷಯ ಅವಳಿಗೆ ಗೊತ್ತೋ ಇಲ್ಲವೋ, ದಿಶಾಳಿಗೆ ತಿಳಿಯದು. ತಿಳಿಯದೆ ಒಂದು ಮಾತನ್ನೂ ಆಡುವಂತಿರಲಿಲ್ಲ.

"ನಹೀಂ, ರಾಂಗ್ ನಂಬರ್ ಲಗ್ ಗಯಾ," ಎಂದಳು ಹಿಂದಿಯಲ್ಲಿ.

"ಇರ್ಲಿ ಬಿಡ್ರಿ," ಎಂದು ಮಾನಮ್ಮ ಫೋನು ಇಟ್ಟಳು.

ದಿಶಾ ಮತ್ತೆ ಆ ನಂಬರಿಗೆ ಫೋನು ಮಾಡಲಿಲ್ಲ.